ಹೆದ್ದಾರಿಗೆ ಮುಖ ಮಾಡಿದ ಪಟ್ಟಿ

ಆಕೆಯನ್ನು ನಾವೆಲ್ಲರೂ ಪಂಕ್ಚರ್ ಅಕ್ಕ ಎಂದೇ ಕರೆಯುತ್ತಿದ್ದೆವು. ಲಾರಿಯ ಟೈರನ್ನು ಒಬ್ಬಳೇ ಬಿಚ್ಚಿ, ಟ್ಯೂಬ್ ಎಳೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ತೂತನ್ನು ಬೆರಳಲ್ಲೇ ಹಿಡಿದುಬಿಡುತ್ತಿದ್ದಳು. ಚೌಕಾಸಿ ಮಾಡಿದ ಡ್ರೈವರಿಗೆ, "ಸರಿ, ನೀನೇ ಬಾಯಲ್ಲಿ ಗಾಳಿ ಊದ್ಕೊಂಡು ಹೋಗು" ಎನ್ನುವ ಬಾಯಿ ಅವಳದು.

ಅಪ್ಪ ಪಾಲು ಮಾಡುವಾಗ ಹಿಂದಿನ ಹಸನಾದ ಹೊಲವನ್ನು ಅಣ್ಣನಿಗೆ ಬರೆದು, ರಸ್ತೆಗೆ ಅಂಟಿದ ಕಲ್ಲುಮಣ್ಣಿನ ಪಟ್ಟಿಯನ್ನು ಮಗಳಿಗೆ ಕೊಟ್ಟಿದ್ದ. ಧೂಳು, ಹಾರ್ನು, ಡೀಸೆಲ್ ಹೊಗೆ. ಯಾರಿಗೂ ಬೇಡದ ಜಾಗ. ಅವಳು ಅಲ್ಲೇ ಶೆಡ್ ಹಾಕಿಕೊಂಡು, ಹಿಂದಿನ ಕೋಣೆಯಲ್ಲಿ ಬೇಯಿಸಿಕೊಂಡು ಹದಿನೆಂಟು ವರ್ಷ ಕಳೆದಳು. ಆಮೇಲೆ ರಸ್ತೆ ಅಗಲವಾಗಿ ಹೆದ್ದಾರಿಯಾಯಿತು, ಪಟ್ಟಿಗೆ ಕೊಂಬು ಬಂತು. ಅಣ್ಣ ಮಾರಲು ಹೊರಟ ಹೊಲವನ್ನು ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: ಮುಂಭಾಗ ಸೇರಿಸಿ ಕೊಟ್ಟರೆ ಪೆಟ್ರೋಲ್ ಬಂಕು, ಗೋದಾಮು ಏನು ಬೇಕಾದರೂ ಏಳುತ್ತದೆ, ಇಲ್ಲದಿದ್ದರೆ ಬದುವಿನ ಕಾಲುದಾರಿ ನಂಬಿ ಯಾರು ಕೊಳ್ಳುತ್ತಾರೆ?

ಪಟ್ಟಿಯನ್ನೂ ಸೇರಿಸಿ ಮಾರೋಣ ಎಂದು ಅಣ್ಣ ಮೊದಲು ಕೇಳಿದ, ಆಮೇಲೆ ಬೈದ. ಒಂದು ದಿನ ಅವನ ಜೊತೆ ಬಂದ ದಲ್ಲಾಳಿ ಅವಳ ಶೆಡ್ಡಿನ ಮುಂದೆಯೇ 'ಹೆದ್ದಾರಿ ಪಕ್ಕದ ಜಾಗ ಮಾರಾಟಕ್ಕಿದೆ' ಎಂಬ ಬೋರ್ಡು ನೆಟ್ಟ. ಅವಳು ಅದನ್ನು ಕಿತ್ತು, ಮುರಿದು, ಒಲೆಗೆ ತುರುಕಿದಳು. ಅಣ್ಣ ಒಳಗೆ ನುಗ್ಗಿ, ಅವಳ ಕೂದಲು ಹಿಡಿದೆಳೆದು, ಮುಖವನ್ನು ನೀರಿನ ತೊಟ್ಟಿಯಲ್ಲಿ ಅದ್ದಿದ. ಎತ್ತಿ ಮತ್ತೆ ಅದ್ದಿದ.

"ಸಹಿ ಹಾಕ್ತೀಯೋ ಇಲ್ವೋ?"

ಅವಳು ಬಾಯಲ್ಲಿದ್ದ ನೀರನ್ನು ಅವನ ಮುಖಕ್ಕೇ ಉಗಿದಳು.

ಎಂಟು ದಿನ ಕಳೆದು, ಹಾಡಹಗಲೇ, ಅಣ್ಣನೂ ದಲ್ಲಾಳಿಯೂ ಶೆಡ್ ಕೆಡವಲು ಜೆಸಿಬಿ ತರಿಸಿದರು. ಅವಳು ಟೈರು ಬಿಚ್ಚುವ ಕಬ್ಬಿಣದ ಲಿವರ್ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. ಅಣ್ಣ ಪೈಪು ಬೀಸಿದ. ಅವಳ ಬಲ ಮಣಿಕಟ್ಟು ಲಟಕ್ಕನೆ ಮುರಿಯಿತು. ಬಿದ್ದ ಲಿವರನ್ನು ಎಡಗೈಯಲ್ಲಿ ಎತ್ತಿ ಅವನ ಬಾಯಿಗೆ ಬಾರಿಸಿದಳು. ಎಣ್ಣೆ ಮೆತ್ತಿದ ನೆಲದ ಮೇಲೆ ಎರಡು ಹಲ್ಲು ಉದುರಿದವು. ಒಬ್ಬರ ಕೊರಳನ್ನೊಬ್ಬರು ಹಿಡಿದು ಒಳಗೆ ಉರುಳಿದರು.

ಜೆಸಿಬಿ ಡ್ರೈವರ್ ಕೆಳಗಿಳಿದುಬಿಟ್ಟ. "ಒಳಗೆ ಜನ ಇದಾರೆ ಸಾರ್. ನನ್ನ ಕೈಲಿ ಆಗಲ್ಲ."

"ನಿನ್ನ ಕೈಲಿ ಆಗ್ದಿದ್ರೆ ನನ್ನ ಕೈಲಿ ಆಗುತ್ತೆ, ಸರಿ ಆಕಡೆ!" ಎಂದು ದಲ್ಲಾಳಿ ತಾನೇ ಹತ್ತಿದ. ಸುಮ್ಮನೆ ಹೆದರಿಸಲು ಹೊರಟವನಿಗೆ ಯಂತ್ರ ಹಿಡಿತಕ್ಕೆ ಸಿಗಲಿಲ್ಲ. ಬಕೆಟ್ಟು ಗೋಡೆಗೆ ಗುದ್ದಿತು. ಇಟ್ಟಿಗೆ, ತಗಡು, ಕಬ್ಬಿಣದ ತೊಲೆ ಎಲ್ಲ ಒಟ್ಟಿಗೆ ಕುಸಿದವು. ತೊಲೆ ಅಣ್ಣನ ಕಾಲಿನ ಮೇಲೆ ಬಿತ್ತು, ಅವಳು ಕೂದಲೆಳೆಯಲ್ಲಿ ಪಾರಾದಳು. ದಲ್ಲಾಳಿ ಹಾರಿ, ಎದ್ದೆನೋ ಬಿದ್ದೆನೋ ಎಂದು ಓಡಿದ.

"ತಂಗೀ, ಕಾಲು... ಕಾಲು ಹೋಯ್ತು ಕಣೇ!"

ಮುಂದಿನದನ್ನು ಅವಳೇ ಎಷ್ಟೋ ದಿನದ ಮೇಲೆ ನನಗೆ ಮುಚ್ಚುಮರೆಯಿಲ್ಲದೆ ಹೇಳಿದಳು: "ಕೂಗಲಿ, ಚೆನ್ನಾಗಿ ಕೂಗಲಿ ಅನ್ನಿಸ್ತು. ನೀರಲ್ಲಿ ಅದ್ದಿದಾಗ ನಂಗೆ ಕೂಗೋಕೂ ಆಗಿರ್ಲಿಲ್ಲ. ಅಲ್ಲೇ ಕೂತು ನೋಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ."

ಕೊನೆಗೆ ಎದ್ದಳು. ಲಾರಿ ಎತ್ತುವ ಜಾಕನ್ನು ಕಾಲಲ್ಲೇ ದೂಡಿ ತೊಲೆಯ ಅಡಿಗೆ ಸೇರಿಸಿ, ಒಂದೇ ಕೈಯಲ್ಲಿ ಹಿಡಿ ಒತ್ತತೊಡಗಿದಳು. ತೊಲೆ ಬೆರಳಷ್ಟು ಎದ್ದಿತು, ಇನ್ನೊಂದು ಬೆರಳಷ್ಟು. ಜೆಸಿಬಿ ಡ್ರೈವರ್ ತಗಡು ಸರಿಸಿ ಒಳಬಂದು, ಅಣ್ಣನ ಕಂಕುಳಿಗೆ ಕೈಕೊಟ್ಟು ಹೊರಗೆಳೆದ.

ಆಸ್ಪತ್ರೆಯಲ್ಲಿ ಕಾಲನ್ನು ಮಂಡಿಯ ಮೇಲಿಂದ ಕತ್ತರಿಸಿದರು. ಪ್ರಜ್ಞೆ ಬಂದ ಅಣ್ಣ ಪೊಲೀಸರ ಮುಂದೆ, ಎಲ್ಲ ತಂಗಿಯೇ ಮಾಡಿದ್ದು ಎಂದ. ಡ್ರೈವರ್ ಕಂಡದ್ದನ್ನು ಕಂಡ ಹಾಗೆ ಹೇಳಿದ್ದರಿಂದ ಅವಳು ಬಚಾವಾದಳು. ದಲ್ಲಾಳಿ ಜೈಲು ಸೇರಿದ. ಅಣ್ಣನ ಮೇಲೆ ತಾನು ಕೊಟ್ಟ ದೂರನ್ನೂ ಅವಳು ಹಿಂತೆಗೆದುಕೊಳ್ಳಲಿಲ್ಲ. ಅವನು ಊರುಗೋಲು ಹಿಡಿದೇ ಒಳಗೆ ಹೋಗಿ ಬಂದ.

ಅವನು ಒಳಗಿದ್ದಾಗ ಅತ್ತಿಗೆ ಬಂದು, ಹೊಲ ಮಾರದೆ ಗತಿಯಿಲ್ಲ ಎಂದು ಅತ್ತಳು. ಪಂಕ್ಚರ್ ಅಕ್ಕ ಹೇಳಿದ್ದು ಇಷ್ಟೇ: "ದಾರಿ ಬಿಡ್ತೀನಿ ಅತ್ತಿಗೆ, ಅಂಗಡಿ ಬಿಡಲ್ಲ. ಅವನ ಮುಖಾನೂ ನೋಡಲ್ಲ." ಪಟ್ಟಿಯ ಒಂದು ಅಂಚನ್ನು ದಾರಿಗೆಂದು ನೋಂದಣಿ ಮಾಡಿಸಿಕೊಟ್ಟಳು. ಹೊಲ ಮಾರಿಹೋಯಿತು, ಗೋದಾಮು ಎದ್ದಿತು. ಸೊಟ್ಟಗೆ ಕೂಡಿದ ಮಣಿಕಟ್ಟಿನವಳು ಶೆಡ್ ಮತ್ತೆ ಎಬ್ಬಿಸಿ, ಎಡಗೈಯಲ್ಲಿ ಸುತ್ತಿಗೆ ಹಿಡಿಯಲು ಕಲಿತಳು.

ಹೋದ ವರ್ಷ ಅಣ್ಣ ತೀರಿಕೊಂಡ. ಅವಳು ಹೋಗಲಿಲ್ಲ.

"ಅಳು ಬರ್ಲಿಲ್ವಾ ಅಕ್ಕ?" ಎಂದು ಕೇಳಿದೆ.

"ಬಂತು. ಇಡೀ ದಿನ ಅತ್ತಿದ್ದೀನಿ," ಎಂದಳು. "ಆದ್ರೆ ಕ್ಷಮಿಸಿಲ್ಲ."