ದೇವರ ಬಲ

ಜನವರಿ ಬಂತೆಂದರೆ ಕುಂದಾಪುರದ ಬಸ್ ಸ್ಟ್ಯಾಂಡಿನ ಬದಿಯಲ್ಲಿ ಹೆಮ್ಮಾಡಿ ಸೇವಂತಿಗೆಯ ರಾಶಿ ಬೀಳುತ್ತದೆ. ಸಣ್ಣ ಹಳದಿ ಹೂವು, ನಮ್ಮ ಬಾಯಲ್ಲಿ ಸೋಂತ್ಗಿ. ಮಲ್ಲಿಗೆಯ ಹಾಗೆ ದೂರದಿಂದ ಕೂಗಿ ಕರೆಯುವ ಪರಿಮಳ ಅದಕ್ಕಿಲ್ಲ. ಹತ್ತಿರ ಹೋಗಿ ಬಗ್ಗಿದವರಿಗಷ್ಟೇ ಸಿಗುವ, ಹಸಿ ಎಲೆಯನ್ನು ಅಂಗೈಯಲ್ಲಿ ಉಜ್ಜಿದಂಥ, ತುಸು ಕಹಿ ಬೆರೆತ ವಾಸನೆ. ಬಸ್ರೂರಿನಿಂದ ಪೇಟೆಗೆ ಹೋದಾಗಲೆಲ್ಲ ನಾನು ರಸ್ತೆಯ ಆಚೆ ಬದಿಯಿಂದಲೇ ನಡೆಯುತ್ತೇನೆ. ಆದರೂ ಗಾಳಿ ಒಂದೊಂದು ದಿನ ಆ ವಾಸನೆಯನ್ನು ತಂದು ಮೂಗಿಗೆ ತಾಗಿಸುತ್ತದೆ. ಆಗ ನನ್ನ ಕಣ್ಣ ಮುಂದೆ ಬರುವುದು ಹೂವಿನ ಗದ್ದೆಯಲ್ಲ, ನಮ್ಮ ಹಳೆಯ ಮನೆಯ ದೇವರ ಕೋಣೆ. ಹೊಗೆ ಹಿಡಿದ ಗೋಡೆ, ಎಣ್ಣೆ ಜಿಡ್ಡಿನ ದೀಪ, ಒದ್ದೆ ಎಸಳು. ಇಷ್ಟು ವರ್ಷ ಒಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಕೇಳಬೇಕಾಗಿದ್ದವರು ಯಾರೂ ಈಗ ಇಲ್ಲ.

ಹೆಮ್ಮಾಡಿಯಿಂದ ಹೊಳೆಯ ಕಡೆಗೆ ಇಳಿದರೆ ನಮ್ಮ ಮನೆ. ಮುಳಿಹುಲ್ಲಿನ ಮಾಡು, ಎದುರಿಗೆ ಸೇವಂತಿಗೆಯ ಸಾಲು, ಹಿಂದೆ ನೀರು. ಮದ್ರಾಸಿಗೆ ಸೇರಿದ್ದ ನಮ್ಮ ಕಡೆ ಮೈಸೂರಿಗೆ ಸೇರಿದ ಹೊಸತು ಅದು. ಅಪ್ಪಯ್ಯ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಮನೆಯಲ್ಲಿ ಇದ್ದವರು ಅಪ್ಪಯ್ಯನ ತಾಯಿ ಅಜ್ಜಿ, ನನ್ನ ತಾಯಿ, ನಾನು, ನನ್ನ ತಂಗಿ ಚಂದು. ತಾಯಿಯನ್ನು ನಾವು ಅಬ್ಬಿ ಎಂದು ಕರೆಯುತ್ತಿದ್ದೆವು. ದೇವರ ಕೋಣೆಯಲ್ಲಿ ಒಂದು ಕಪ್ಪು ಕಲ್ಲು, ಅದಕ್ಕೆ ಎರಡು ಬೆಳ್ಳಿಯ ಕಣ್ಣು. ಮೂಗು ಬಾಯಿ ಏನೂ ಇರಲಿಲ್ಲ, ಬರೀ ಕಣ್ಣು. ಅದೇ ನಮ್ಮ ಮನೆಯ ಅಮ್ಮನವರು. ಅಜ್ಜಿ ಹುಣಿಸೆಹಣ್ಣು ಹಾಕಿ ಆ ಕಣ್ಣುಗಳನ್ನು ತಿಕ್ಕಿ ತಿಕ್ಕಿ ಇಡುತ್ತಿದ್ದಳು. ಕತ್ತಲೆಯ ಕೋಣೆಗೆ ಕಾಲಿಟ್ಟ ಕೂಡಲೇ ಆ ಕಣ್ಣು ನಮ್ಮನ್ನು ನೋಡುತ್ತಿತ್ತು. ಯಾವ ಮೂಲೆಗೆ ಸರಿದರೂ ನೋಡುತ್ತಿತ್ತು.

ನಮ್ಮ ಮನೆಯಲ್ಲಿ ಅಮ್ಮನವರನ್ನು ಕೇಳದೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಎರಡು ಎಸಳನ್ನು ನೀರಲ್ಲಿ ಅದ್ದಿ, ಕಲ್ಲಿನ ಎರಡು ಕಣ್ಣಿನ ಕೆಳಗೂ ಒಂದೊಂದು ಅಂಟಿಸಿ, ಕೈಮುಗಿದು ನಿಲ್ಲುವುದು. ಬಲದ ಎಸಳು ಮೊದಲು ಬಿದ್ದರೆ ಆಗಬಹುದು ಎಂದು ಅರ್ಥ. ಎಡದ್ದು ಬಿದ್ದರೆ ಬೇಡ. ದನ ಮಾರುವುದಕ್ಕೂ ಕೇಳುತ್ತಿದ್ದರು, ಗಿಡ ನೆಡುವುದಕ್ಕೂ ಕೇಳುತ್ತಿದ್ದರು. ನೋಡಿ ನೋಡಿ ಚಂದು ಅದನ್ನೇ ಆಟ ಮಾಡಿಕೊಂಡಳು. ಅವಳೇ ದೇವರು. ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎರಡು ಕೆನ್ನೆಗೂ ಎಸಳು ಅಂಟಿಸಿಕೊಂಡು, ತನಗೆ ಬೇಕಾದ ಕೆನ್ನೆಯನ್ನು ಗುಟ್ಟಾಗಿ ಉಬ್ಬಿಸಿ ಬೀಳಿಸುತ್ತಿದ್ದಳು.

"ಬಲ ಬಿತ್ತ್. ಬೆಲ್ಲ ಕೊಡ್."

"ಅದ್ ಎಡ. ಕಾಣ್, ಇದ್ ನನ್ನ್ ಬಲಗೈ," ಎಂದು ನಾನು ಕೈ ಎತ್ತಿ ತೋರಿಸುತ್ತಿದ್ದೆ.

"ದೇವ್ರ್ ನಾನಲ್ದಾ? ನನ್ನ್ ಬಲ!"

"ಶಾಲಿಗ್ ಹೋಪುದ್ ನಾನ್. ನಿಂಗೆಂತ ಗೊತ್ತಿತ್ತ್?"

ಶಾಲೆಯಲ್ಲಿ ಎಡಗೈ ಬಲಗೈ ಕಲಿತ ಜಂಬ ನನಗೆ. ಬೆಲ್ಲ ಪ್ರತಿ ಸಲವೂ ನನ್ನ ಬಾಯಿಗೇ ಹೋಗುತ್ತಿತ್ತು. ಅವಳು ಎಸಳನ್ನು ಕೆನ್ನೆಯಿಂದ ಕಿತ್ತು ನನ್ನ ಮುಖಕ್ಕೆ ಎಸೆದು, ಹೊಳೆಯ ಬದಿಗೆ ಓಡಿ, ದೋಣಿಯ ಬಾಬಣ್ಣನ ಹತ್ತಿರ ದೂರು ಹೇಳುತ್ತಿದ್ದಳು. ಅಬ್ಬಿ ಹೂವಿನ ಬುಟ್ಟಿ ಹೊತ್ತು ಕುಂದಾಪುರಕ್ಕೆ ಹೋಗುತ್ತಿದ್ದದ್ದು ಅವನ ದೋಣಿಯಲ್ಲಿಯೇ. "ಹ್ವಾಯ್, ಸೋಂತ್ಗಿ ಹೆಣ್ಣೇ, ನಿನ್ನ್ ಬುಟ್ಟಿಗೂ ಟಿಕೇಟ್ ಬೇಕ್" ಎಂದು ಅವನು ಕೆಣಕಿದರೆ, "ನಿನ್ ದೋಣಿಗೆ ತೂತ್ ಇತ್ತ್, ಟಿಕೇಟ್ ಎಂತಕ್ಕೆ?" ಎಂದು ಚಂದು ಸೊಂಟದ ಮೇಲೆ ಕೈ ಇಡುತ್ತಿದ್ದಳು.

ಅದೇ ಸೇವಂತಿಗೆಯ ಕಾಲದಲ್ಲಿ ಅವಳಿಗೆ ಜ್ವರ ಬಂತು. ಪಂಡಿತರ ಕಷಾಯಕ್ಕೆ ಇಳಿಯಲಿಲ್ಲ. ಮೈ ಕಾದ ಹಂಚಿನ ಹಾಗೆ ಆಯಿತು, ಮಾತು ಅಡ್ಡಾದಿಡ್ಡಿಯಾಯಿತು. ಹೊಳೆ ದಾಟಿಸಿ ಕುಂದಾಪುರದ ಆಸ್ಪತ್ರೆಗೆ ಕೊಂಡುಹೋಗುತ್ತೇನೆ ಎಂದು ಅಬ್ಬಿ ಹೊರಟು ನಿಂತಳು. ಬಾಬಣ್ಣ ದೋಣಿ ತಂದು ಕಟ್ಟಿದ.

"ಕೇಳ್ದೆ ಹೊಳಿ ದಾಟ್ಸುದ್ ಬ್ಯಾಡ," ಎಂದಳು ಅಜ್ಜಿ. "ಗಂಡ್ ಮನ್ಯಾಗಿಲ್ಲೆ. ಹೆಚ್ಚ್ ಕಡ್ಮಿ ಆದ್ರೆ ಅವ್ನಿಗ್ ಎಂತ ಹೇಳುದ್? ಅಮ್ನೋರ್ ಎಂತ ಹೇಳ್ತ್ರ್ ಕಾಂಬ. ಬಲ ಕೊಟ್ರೆ ಹೋಗ್. ಎಡ ಕೊಟ್ರೆ ಇಲ್ಲೇ ತೀರ್ಥ ಕುಡ್ಸುವ."

ಅಜ್ಜಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಚಾವಡಿಯಲ್ಲೇ ಕೂತಳು. ಅಬ್ಬಿ ಒಬ್ಬಳೇ ಒಳಗೆ ಹೋದಳು. ನಾನು ಹೊಳೆಯ ಬದಿಯಲ್ಲಿದ್ದೆ, ಬಲ ಕೊಟ್ಟರೆ ಹೊರಡುವುದು ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ. ನೀರು ಇಳಿಯತೊಡಗಿತ್ತು. "ಮಾಣಿ, ಬತ್ರಿಯಾ ಇಲ್ಯಾ ಕೇಂಡ್ಕಂಡ್ ಬಾ. ನೀರ್ ಇಳ್ದ್ರೆ ದೋಣಿ ಹೂಳಲ್ ಕೂಕಂತ್," ಎಂದು ಬಾಬಣ್ಣ ನನ್ನನ್ನು ಓಡಿಸಿದ. ದೇವರ ಕೋಣೆಯ ಬಾಗಿಲಿಗೆ ಬಂದು ನೋಡಿದರೆ ಅಬ್ಬಿ ಕಣ್ಣು ಮುಚ್ಚಿ ನಿಂತಿದ್ದಳು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. "ಬಲ ಕೊಡಿ ಅಮ್ನೋರೇ, ಬಲ ಕೊಡಿ" ಎಂಬುದನ್ನು ಬಿಟ್ಟು ಬೇರೆ ಮಾತು ಅವಳ ಬಾಯಲ್ಲಿರಲಿಲ್ಲ.

ನಾನು ನೋಡುತ್ತಿದ್ದ ಹಾಗೆ ಒಂದು ಎಸಳು ಜಾರಿತು. ಕಲ್ಲಿನ ಬುಡಕ್ಕೆ ಬಿತ್ತು. ನನ್ನ ಎಡಗೈ ಇದ್ದ ಬದಿಗೆ.

ಅಬ್ಬಿ ಕಣ್ಣು ತೆರೆದರೆ ಏನಾಗುತ್ತಾಳೋ ಎಂದು ಹೆದರಿದೆ. ಆ ಎಸಳನ್ನು ಎತ್ತಿ ಇದ್ದಲ್ಲಿಗೇ ಒತ್ತಿದೆ. ಇನ್ನೂ ಒದ್ದೆಯಿತ್ತು, ಅಂಟಿಕೊಂಡಿತು. ಇನ್ನೊಂದನ್ನು, ನನ್ನ ಬಲಬದಿಯದ್ದನ್ನು, ಉಗುರಿನಿಂದ ಎಬ್ಬಿಸಿ ಕೆಳಗೆ ಹಾಕಿದೆ. ಬಾಗಿಲಿಗೆ ಹಿಂದೆ ಸರಿದು, "ಅಬ್ಬೀ, ಬಿತ್ತ್" ಎಂದೆ.

ಅವಳು ಕಣ್ಣು ತೆರೆದಳು. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನಿಂತಲ್ಲೇ ಕುಸಿದು ಕೂತಳು. "ಬತ್ತಿಲ್ಲೆ ಅಂತ ಬಾಬಣ್ಣಂಗೆ ಹೇಳ್," ಎಂದಳು. ಮಗು ಮನೆಯಲ್ಲೇ ಗುಣವಾಗುತ್ತದೆ ಎಂದು ಅಮ್ಮನವರು ಹೇಳಿರಬೇಕು ಎಂದುಕೊಂಡು ನಾನು ಓಡಿದೆ. ಬಾಬಣ್ಣ ಹಗ್ಗ ಬಿಚ್ಚಿದ. ದೋಣಿ ಖಾಲಿಯಾಗಿ ಹೋಯಿತು. ಆ ವಾರ ಮುಗಿಯುವ ಮೊದಲೇ ಚಂದು ಹೋದಳು.

ಅಪ್ಪಯ್ಯ ಬಂದರು, ಅತ್ತರು, ಮತ್ತೆ ಬೊಂಬಾಯಿಗೆ ಹೋದರು. ಅಬ್ಬಿ ದೇವರ ಕೋಣೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಹೂವು ಬೆಳೆದಳು, ಕೊಯ್ದಳು, ಕಟ್ಟಿದಳು, ಊರವರ ದೇವರಿಗೆಲ್ಲ ಮಾರಿದಳು. ಮನೆಯ ದೇವರಿಗೆ ಒಂದು ಎಸಳು ಕೊಡಲಿಲ್ಲ. ನಮ್ಮ ಕಡೆ ಮನೆಯ ಹೆಂಗಸರನ್ನು 'ಅದು' ಎನ್ನುವುದುಂಟು, ಅದರಲ್ಲಿ ತಾತ್ಸಾರವಿಲ್ಲ. ಆದರೆ ಅಮ್ಮನವರನ್ನು ಯಾರೂ ಹಾಗೆ ಅನ್ನುವುದಿಲ್ಲ. ಅಬ್ಬಿ ಅಂದಳು.

"ಅದ್ ನಂಗೆ ಸುಳ್ಳ್ ಹೇಳಿತ್."

"ಅಮ್ನೋರಿಗೆ ಅದ್ ಅಂಬ್ಯಾ? ನಾಲ್ಗಿ ಬಿದ್ ಹೋತ್," ಎಂದಳು ಅಜ್ಜಿ.

"ಬೀಳ್ಲಿ. ನಾನ್ ದಾರಿ ಕೇಂಡೆ. ಅದ್ ನನ್ನ್ ಬಾಗ್ಲಲ್ಲೇ ಕೂರ್ಸಿತ್."

ಅಜ್ಜಿ ಮತ್ತೆ ಸೊಸೆಯ ಜೊತೆ ಆ ಮಾತು ಎತ್ತಲಿಲ್ಲ. ನಾನೂ ಒಳಗೊಳಗೆ ಅಬ್ಬಿಯ ಪಕ್ಷವೇ. ಒಳ್ಳೆಯ ಬದಿಗೇ ಹಾಕಿಕೊಟ್ಟಿದ್ದೆನಲ್ಲ, ಆದರೂ ಅಮ್ಮನವರು ಮೋಸ ಮಾಡಿದರು ಎಂಬುದು ನನ್ನ ಸಿಟ್ಟು. ಹೈಸ್ಕೂಲಿಗೆ ಹೋಗುವವರೆಗೂ ಆ ಸಿಟ್ಟಿನಲ್ಲೇ ಇದ್ದೆ. ಒಂದು ದಿನ ಕರು ತಪ್ಪಿಸಿಕೊಂಡಿತು. ಅಜ್ಜಿಗೆ ಆಗ ಕಣ್ಣು ಮಂಜು. ಎಸಳು ಅಂಟಿಸಿ, "ಯಾವ್ದ್ ಬಿತ್ತ್ ಮಾಣಿ?" ಎಂದು ಕೇಳಿದಳು. ಎಡ ಎಂದೆ. ಕೈ ಆಡಿಸಿ ನೋಡಿ ನಕ್ಕುಬಿಟ್ಟಳು. "ಇದ್ ಬಲ ಅಲ್ದನಾ, ಪೆದ್ದ್ ಮಾಣಿ! ದೇವ್ರ್ ನಮ್ ಕಡಿ ಮೊಕ ಮಾಡಿ ಕೂಕಂಡಿತ್ರ್. ಅವ್ರ್ ಬಲ ನಿಂಗೆ ಎಡ. ದೇವ್ರ್ ಬಲ ಕಾಣ್ಕ್."

ಕೆನ್ನೆಗೆ ಎಸಳು ಅಂಟಿಸಿಕೊಂಡು ಕೂತಿದ್ದ ಚಂದು ನೆನಪಾದಳು. ದೇವ್ರ್ ನಾನಲ್ದಾ, ನನ್ನ್ ಬಲ. ಶಾಲೆಗೆ ಹೋಗದ ಅವಳಿಗೆ ಗೊತ್ತಿತ್ತು. ಅಬ್ಬಿ ಬೇಡಿದ್ದನ್ನು ಅಮ್ಮನವರು ಕೊಟ್ಟಿದ್ದರು. ಅದನ್ನು ತೆಗೆದು ಹಾಕಿದವನು ನಾನು. ಯಾರಿಗೂ ಹೇಳಲಿಲ್ಲ. ಅಬ್ಬಿಗೆ ಉಳಿದಿದ್ದವನು ನಾನೊಬ್ಬ. ನನ್ನನ್ನೂ ಕಳೆದುಕೊಳ್ಳುತ್ತಾಳೆ ಎಂಬ ನೆಪ ಕೊಟ್ಟುಕೊಂಡೆ. ನಿಜವಾಗಿ ಹೆದರಿದ್ದು ನಾನು ಅವಳನ್ನು ಕಳೆದುಕೊಳ್ಳುತ್ತೇನೆ ಎಂದು.

ಸಾವಿರದ ಒಂಬೈನೂರ ಎಪ್ಪತ್ತರ ಆಚೀಚೆ ಅಜ್ಜಿ ತೀರಿಕೊಂಡಳು. ನಾನು ಆಗ ಬೈಂದೂರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ದೀಪ ಹಚ್ಚುವವರಿಲ್ಲದೆ ದೇವರ ಕೋಣೆ ಕತ್ತಲಾಯಿತು. ಅಬ್ಬಿ ಒಬ್ಬಳೇ ಜಗಲಿಯಲ್ಲಿ ಕೂತು, ಬಾಳೆಯ ನಾರು ಒದ್ದೆ ಮಾಡಿ ಹೂವು ಕಟ್ಟುತ್ತಿದ್ದಳು. ಆ ಮನೆಯಲ್ಲಿ ಕಲ್ಲಿದ್ದೂ ಅವಳಿಗೆ ಕೈಮುಗಿಯಲು ದೇವರಿಲ್ಲವಲ್ಲ ಎನಿಸಿತು. ಅವಳ ದೇವರನ್ನಾದರೂ ಅವಳಿಗೆ ತಿರುಗಿ ಕೊಡಬೇಕು ಎಂದುಕೊಂಡೆ. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ.

"ಅಮ್ನೋರ್ ಸುಳ್ಳ್ ಹೇಳ್ಲಿಲ್ಲೆ ಅಬ್ಬಿ. ಸುಳ್ಳ್ ಹೇಳಿದ್ದ್ ನಾನ್."

ಅವಳ ಬೆರಳು ನಾರಿನ ಗಂಟಿನಲ್ಲೇ ನಿಂತಿತು. ಹೊಡೆಯುತ್ತಾಳೆ ಎಂದು ಕಾದೆ, ಅಳುತ್ತಾಳೆ ಎಂದು ಕಾದೆ. ಹೊಳೆಯನ್ನು ನೋಡುತ್ತ ಹೇಳಿದಳು:

"ನೀನ್ ಮಗು. ನಾನ್ ಕಣ್ ಮುಚ್ಕಂಡಿದ್ದೆ." ದೇವರ ಕೋಣೆಯ ಕಡೆಗೆ ಗಲ್ಲ ತಿರುಗಿಸಿದಳು. "ಅದ್ ಮುಚ್ಕಂಡಿರ್ಲಿಲ್ಲೆ."

ಅಷ್ಟೇ. ಅವಳು ಬದುಕಿರುವವರೆಗೆ ಆ ಮಾತು ಮತ್ತೆ ಬರಲಿಲ್ಲ. ನನ್ನನ್ನು ಕ್ಷಮಿಸಿದಳೋ ಇಲ್ಲವೋ, ಕೇಳುವ ಧೈರ್ಯ ನನಗೂ ಬರಲಿಲ್ಲ. ಬಡಿಸುವಾಗ ಮೊದಲಿನಂತೆ ಬಡಿಸಿದಳು, ತಲೆಗೆ ಎಣ್ಣೆ ಹಚ್ಚುವುದನ್ನು ಮಾತ್ರ ಬಿಟ್ಟಳು. ಅವಳಿಗೆ ದೇವರನ್ನು ಕೊಡಲು ಹೋದವನು ನಾನು, ನನ್ನದನ್ನು ಆ ಜಗಲಿಯಲ್ಲೇ ಬಿಟ್ಟು ಎದ್ದೆ. ನನ್ನ ತಪ್ಪಿಗೆ ನಾನು ಇಡೀ ಜನ್ಮ ಬೆಂದಿದ್ದೇನೆ. ತೆರೆದ ಕಣ್ಣಿನಿಂದ ನೋಡುತ್ತ ಒಂದು ಮಗುವಿನ ಕೈಯನ್ನು ತಡೆಯದೆ ಕೂತವರು ಎಲ್ಲಿ ಹೋಗಿ ಬೇಯಬೇಕು? ಈ ಪ್ರಶ್ನೆ ಕೇಳಿದ ಮರುಕ್ಷಣ ನನಗೆ ಹೆದರಿಕೆಯಾಗುತ್ತದೆ, ಕೆನ್ನೆ ಬಡಿದುಕೊಳ್ಳುತ್ತೇನೆ. ಆಮೇಲೆ ಮತ್ತೆ ಕೇಳುತ್ತೇನೆ.

ಅಬ್ಬಿ ಹೋದ ಮೇಲೆ ಪೂಜೆಯಿಲ್ಲದ ಕಲ್ಲನ್ನು ಮನೆಯಲ್ಲಿ ಇಡಬಾರದೆಂದು ಊರವರು ಹೇಳಿದರು. ಬಾಬಣ್ಣನ ಮಗನ ದೋಣಿಯಲ್ಲಿ ಕೊಂಡುಹೋಗಿ ನಡುಹೊಳೆಯಲ್ಲಿ ಬಿಟ್ಟೆ. ಅಂತೂ ಚಂದುವಿನ ಹಾಗೆ ಅಮ್ಮನವರೂ ಹೊಳೆ ದಾಟಲಿಲ್ಲ. ಕಣ್ಣುಗಳನ್ನು ಮಾತ್ರ ಬಿಡಿಸಿ ಇಟ್ಟುಕೊಂಡೆ. ಬಟ್ಟೆಯ ಗಂಟಿನಲ್ಲಿ ಅವು ಕಪ್ಪಾಗಿವೆ. ತಿಕ್ಕಿದರೆ ನೋಡಲು ಶುರು ಮಾಡುತ್ತವೆ ಎಂದು ತಿಕ್ಕುವುದಿಲ್ಲ. ಸೇವಂತಿಗೆ ಬರುವ ದಿನಗಳಲ್ಲಿ ಒಮ್ಮೊಮ್ಮೆ ಗಂಟು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ. ಎರಡೂ ಒಂದೇ ಅಳತೆ, ಒಂದೇ ಆಕಾರ. ಯಾವುದು ಬಲಗಣ್ಣು, ಯಾವುದು ಎಡಗಣ್ಣು, ನನಗೆ ತಿಳಿಯುವುದಿಲ್ಲ.