ಪ್ಲಾಸ್ಟರಿನ ಕೆಳಗೆ ತೂತಿರಲಿಲ್ಲ

ಸ್ನೇಹಿತರೇ, ನಾನೊಬ್ಬ ಅಪರಾಧಿ. ಕಳೆದ ತಿಂಗಳು ನನ್ನ ಎಡತೋಳಿಗೆ ನಾನೇ ಒಂದು ದುಂಡು ಪ್ಲಾಸ್ಟರ್ ಅಂಟಿಸಿಕೊಂಡೆ. ಅದರ ಕೆಳಗೆ ತೂತಿರಲಿಲ್ಲ.

ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದೇ ಕೆಲಸ. "ಇರುವೆ ಕಚ್ಚಿದಂಗೆ, ಅಷ್ಟೇ" ಎಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸಲೀಸಾಗಿ ಸುಳ್ಳು ಹೇಳಬಲ್ಲೆ.

ಈ ಸಲ ಆರ್ಡರ್ ಬಂತು: ಸಿಬ್ಬಂದಿಗೆಲ್ಲ ಫ್ಲೂ ಇಂಜೆಕ್ಷನ್ ಕಡ್ಡಾಯ. ಹಾಕಿಸಿಕೊಳ್ಳದವರಿಗೆ ಕ್ಯಾನ್ಸರ್ ವಾರ್ಡಿಗೆ ಪ್ರವೇಶವಿಲ್ಲ.

ಕ್ಯಾಂಟೀನಿನಲ್ಲಿ ಎದ್ದು ನಿಂತೆ. ನನ್ನ ದೇಹ, ನನ್ನ ಹಕ್ಕು! ಸಲಹೆ ಕೊಡಿ, ಸೂಜಿ ಹೇರಬೇಡಿ! ಮತ್ತಿಗಿರಿಯಿಂದ ಬರುವ ಬಿಲ್ಲಿಂಗ್‌ನವರು ಚಪ್ಪಾಳೆ ತಟ್ಟಿದರು. ಟೀ ಆರಿತು, ನಾನು ಆರಲಿಲ್ಲ.

ಹೆಡ್ ನರ್ಸ್ ಸೆಲ್ವಿ ಅಕ್ಕ ವಡೆ ಮುರಿಯುತ್ತಾ ಹೇಳಿದರು, "ತಂಬಿ, ಮೂಗು ನಿಂದೇ, ಸರಿ. ಸೀನೋದು ಯಾರ್ ಮೇಲೆ?"

ಚುಚ್ಚುಮದ್ದು ಬೇಡವೆಂದವನಿಗೆ ಚುಚ್ಚುಮಾತು! ಅದಕ್ಕೆ ಮದ್ದಾಗಿ ಪ್ಲಾಸ್ಟರ್ ಹೊಳೆಯಿತು.

ನಮ್ಮಲ್ಲಿ ಇಂಜೆಕ್ಷನ್ ಆದವರ ತೋಳಿಗೆ ದುಂಡು ಪ್ಲಾಸ್ಟರ್ ಹಾಕುತ್ತಾರೆ. ವಾರ್ಡಿನ ಬಾಗಿಲಲ್ಲಿ ಅದೇ ಪಾಸ್. ಅಂಟಿಸಿಕೊಂಡೆ, ಒಳಗೆ ಹೋದೆ.

ಅಲ್ಲಿ ತಳಿ ಊರಿನ ಕಡೆಯ ಮುನಿಯಮ್ಮಜ್ಜಿ. ಕೀಮೋ ನಡೆಯುತ್ತಿದೆ. ರಕ್ತ ತೆಗೆಯಲು ನಾನೇ ಬರಬೇಕೆಂಬ ಹಟ.

ನನ್ನ ತೋಳು ನೋಡಿದ್ದೇ ಅಜ್ಜಿ ಮಾಸ್ಕ್ ಕೆಳಗೆಳೆದಳು.

"ನೀನೂ ಹಾಕುಸ್ಕಂಡ್ಯಾ ಮಗಾ? ಒಳ್ಳೇದಾಯ್ತು ಬುಡು. ನಂಗೀಗ ನೆಗಡಿ ಬಂದ್ರೂ ತಡಿಯಾಕಾಗಲ್ವಂತೆ, ಡಾಕ್ಟ್ರು ಹೇಳವ್ರೆ. ಯಾರ್ ಬಂದ್ರೂ ಬಾಯ್ ಮುಚ್ಕಂಡು ಕುಂತಿರ್ತೀನಿ ಕಣ್ಲಾ. ನಿನ್ನತ್ರಾನಾದ್ರೂ ಬಾಯ್ತುಂಬ ಮಾತಾಡ್ಬೋದು."

ಆಗಲೇ ನನ್ನ ಮೂಗಿನೊಳಗೆ ಏನೋ ಕೆರಳಿತು…

ಸೂಜಿ, ಟ್ಯೂಬು ಎಲ್ಲ ಅಲ್ಲೇ ಬಿಟ್ಟು ಓಡಿದೆ. ಕಾರಿಡಾರಿನ ಕೊನೆಯ ಕಿಟಕಿಯಿಂದಾಚೆ ತಲೆ ಹಾಕಿ ಸೀನಿದೆ. ಬೆನ್ನ ಹಿಂದೆಯೇ ಅಜ್ಜಿಯ ದನಿ ಕೇಳುತ್ತಿದೆ, "ಯಾಕ್ಲಾ, ಎಲ್ಲೋಗ್ಬುಟ್ಟೆ?"

ನೇರ ಸೆಲ್ವಿ ಅಕ್ಕನ ಹತ್ತಿರ ಹೋಗಿ ತೋಳು ಚಾಚಿದೆ. ಅಕ್ಕ ಪ್ಲಾಸ್ಟರ್ ಕಿತ್ತು ನೋಡಿದರು.

"ಸೂಪರ್ ತಂಬಿ! ನೋವಿಲ್ಲ, ಗಾಯ ಇಲ್ಲ, ಇಂಜೆಕ್ಷನ್ನೂ ಇಲ್ಲ. ಈಗ ಹಾಕ್ತೀನಿ. ಆದ್ರೆ ಮದ್ದು ಹಿಡಿಯೋಕೆ ಎರಡು ವಾರ ಬೇಕು, ಅಲ್ಲೀವರ್ಗೂ ಅಜ್ಜಿ ಹತ್ರ ಸುಳಿಬಾರ್ದು, ತಿಳೀತಾ?"

ಅಷ್ಟು ದೊಡ್ಡ ತತ್ವವನ್ನು ಹೇಗೆ ಬಿಟ್ಟುಕೊಟ್ಟೆ ಎಂದು ಕ್ಯಾಂಟೀನಿನವರು ಈಗಲೂ ಕೇಳುತ್ತಾರೆ.

ತತ್ವ ಎಲ್ಲಿತ್ತು ಸ್ವಾಮಿ? ಊರಿಗೆಲ್ಲ ಚುಚ್ಚುವ ಈ ಹಕ್ಕುಗಳ ಹೋರಾಟಗಾರ, ಅವತ್ತು ಸೂಜಿ ಇನ್ನೂ ಟ್ರೇಯಲ್ಲಿರುವಾಗಲೇ, ತೋಳಿಗೆ ಸ್ಪಿರಿಟ್ ಹತ್ತಿ ತಾಗಿದ್ದಕ್ಕೇ ಮೂರ್ಛೆ ಹೋಗಿದ್ದ.