ಕಮಲಾಕ್ಷಣ್ಣನ ಕರಡಿ

ಬಿಗ್‌ಫುಟ್ ಬಂದರೆ ನಾಯಿಗಳ ಬಾಯಿ ಕಟ್ಟಿಹೋಗುತ್ತದಂತೆ. ಅಮೆರಿಕದ ಕಾಡಿನಲ್ಲಿ ಆ ಮೈತುಂಬ ಕೂದಲಿನ ದೈತ್ಯ ಪ್ರಾಣಿ ಜಿಂಕೆಯ ಕಾಲು ಮುರಿದು ಹೆಗಲ ಮೇಲೆ ಹೊತ್ತೊಯ್ಯುತ್ತದಂತೆ, ತೋಳಗಳು ಅದರ ಹಿಂದೆ ಸಾಕಿದವುಗಳ ಹಾಗೆ ನಡೆಯುತ್ತವಂತೆ, ಲಾಯಕ್ಕೆ ನುಗ್ಗಿ ಕುದುರೆಯ ಕೇಸರಕ್ಕೆ ಜಡೆ ಹಾಕಿ ಹೋಗುತ್ತದಂತೆ. ಇಷ್ಟನ್ನೂ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದವರು ಓದು ಬರಹ ಇಲ್ಲದವರಲ್ಲ. ಸಿಎ ಮಾಡಿದವರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವವರು. ಮುಂಬೈ ಪಕ್ಕದ ಠಾಣೆಯ ನಮ್ಮ ಘೋಡಬಂದರ್ ರಸ್ತೆಯಲ್ಲಿ ಕುದುರೆ ಕಾಣುವುದು ಮದುವೆ ದಿಬ್ಬಣದಲ್ಲಿ ಮಾತ್ರ. ಅದಕ್ಕೆ ಜಡೆ ಹಾಕಲು ಅಮೆರಿಕದಿಂದ ಯಾರೂ ಬರಬೇಕಾಗಿಲ್ಲ. ಎಲ್ಲ ಮುಗಿದ ಮೇಲೆ ಯಾರೋ ತೋರಿಸಿ ಓದಿದಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ಇವರು ಬಿಗ್‌ಫುಟ್ ಎಂದು ಹೆಸರಿಟ್ಟು ದೊಣ್ಣೆಯಿಂದ ಬಡಿದದ್ದು ನಮ್ಮ ಕಮಲಾಕ್ಷಣ್ಣನನ್ನು.

ಕಮಲಾಕ್ಷಣ್ಣ ನಮ್ಮ ಎದುರು ಮನೆಯವರು. ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಲೋಟ ತೊಳೆದು, ಟೇಬಲ್ ಒರೆಸಿ, ಕೊನೆಗೆ ಠಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತವರು. ಜಗಳ ಎಂದರೆ ಅವರಿಗೆ ಆಗದು. ಲಿಫ್ಟಿನಲ್ಲಿ ಯಾರಾದರೂ ಕಾಲು ತುಳಿದರೆ ಇವರೇ ‘ಸಾರಿ’ ಎನ್ನುವ ಜಾತಿ. ಮಕ್ಕಳಿಲ್ಲ. ಹೆಂಡತಿ ವಿನೋದಕ್ಕ ಮತ್ತು ಸೊಸೈಟಿಯ ಹಿಂಗೋಡೆಯ ಆಚೆ, ಕಾಡಿನ ಅಂಚಿನಲ್ಲಿ ಬಿದ್ದುಕೊಂಡಿರುವ ಬೀದಿನಾಯಿಗಳು, ಇಷ್ಟೇ ಅವರ ಸಂಸಾರ. ಹೋಟೆಲಿನಲ್ಲಿ ಉಳಿದ ಚಪಾತಿಯನ್ನು ಕಟ್ಟಿ ತಂದು ಬೆಳಗಾಗುತ್ತಲೇ ಅವಕ್ಕೆ ಹಾಕಿ ಬರುತ್ತಿದ್ದರು. ಅವುಗಳಲ್ಲಿ ಬೊಳ್ಳ ಎಂಬ ಬಿಳಿ ನಾಯಿಯ ಮೇಲೆ ಜೀವ.

ಕಳೆದ ಬೇಸಿಗೆಯಲ್ಲಿ ವಿನೋದಕ್ಕನ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಆಪರೇಷನ್ ಆಯಿತು. ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. ಥಿಯೇಟರಿನ ಹೊರಗೆ ಕೂತು ಕಮಲಾಕ್ಷಣ್ಣ ಊರಿನ ದೇವಿಗೆ ಹರಕೆ ಹೊತ್ತರು: ಇವಳು ಎದ್ದು ಮನೆಗೆ ಬಂದರೆ ಮಾರ್ನೆಮಿಗೆ ಕರಡಿ ವೇಷ ಹಾಕುತ್ತೇನೆ. ಮಾರ್ನೆಮಿ ಎಂದರೆ ಅವರ ಕಡೆಯ ನವರಾತ್ರಿ. ನಾನು ಬಾಗಲಕೋಟೆ ಕಡೆಯವಳು, ನನಗೆ ಇದೆಲ್ಲ ಗೊತ್ತಿರಲಿಲ್ಲ. ವಿನೋದಕ್ಕನೇ ತಿಳಿಸಿ ಹೇಳಿದರು. ಹರಕೆ ಹೊತ್ತವನು ವೇಷ ಕಟ್ಟಿ ಮನೆಮನೆಗೆ ಹೋಗಿ ಬೇಡಬೇಕು. ಎಷ್ಟೇ ಸಾಹುಕಾರನಾದರೂ ಬೇಡಲೇಬೇಕು, ತಲೆ ತಗ್ಗಿಸಿ ಕೈ ಒಡ್ಡುವುದೇ ಹರಕೆ. ಬಂದ ಅಕ್ಕಿ ಕಾಯಿ ದೇವಿಗೆ ಹೋಗುತ್ತದೆ. ಕಮಲಾಕ್ಷಣ್ಣನ ಮನೆತನದಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಕರಡಿಯ ಮುಖ ಕಟ್ಟಿದ ಮೇಲೆ ಅದನ್ನು ಬಿಚ್ಚುವವರೆಗೆ ಬಾಯಿಂದ ಒಂದು ಮಾತು ಹೊರಡಬಾರದು. ಹೊರಟರೆ ಹರಕೆ ದೇವಿಗೆ ಸಲ್ಲುವುದಿಲ್ಲ.

ಗೋಣಿಯ ನಾರಿಗೆ ಕಪ್ಪು ಬಣ್ಣ ಹಾಕಿ ಇಬ್ಬರೂ ಕೂತು ಅಂಗಿ ಹೊಲಿದರು. ಹಳೆ ರಬ್ಬರ್ ಚಪ್ಪಲಿಗೆ ನಾರು ಸುತ್ತಿ ಪಾದ ಮಾಡಿದರು. ವಿನೋದಕ್ಕ ಆಪರೇಷನ್ನಿನ ಹೊಲಿಗೆ ಹಿಡಿದುಕೊಂಡು ನಕ್ಕದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನವರಾತ್ರಿ ಶುರುವಾಯಿತು. ಹೋಟೆಲಿಗೆ ಹೋಗುವ ಮೊದಲು, ಇನ್ನೂ ಮಬ್ಬು ಇರುವಾಗಲೇ ಕಮಲಾಕ್ಷಣ್ಣ ವೇಷ ಕಟ್ಟಿ ಕಟ್ಟಡದ ಹಿಂಬಾಗಿಲಿನಿಂದ ಹೊರಡುತ್ತಿದ್ದರು. ಕಾಡಿನ ಅಂಚಿನ ಆದಿವಾಸಿ ಹಾಡಿಯಲ್ಲಿ ಮರದ ಬುಡಕ್ಕೆ ಒಂದು ದೇವಿಯ ಗುಡಿಯಿದೆ. ಅಲ್ಲಿ ಕೈಮುಗಿದು, ನಾಯಿಗಳಿಗೆ ಚಪಾತಿ ಕೊಟ್ಟು, ರಸ್ತೆಯಾಚೆಯ ಪರಿಚಯದ ತುಳು ಮನೆಗಳಿಗೆ ಹೋಗಿ ಬರುತ್ತಿದ್ದರು. ನಾನು ಮೊದಲ ದಿನವೇ ಈಗ ಡೊಂಬಿವಲಿಯಲ್ಲಿರುವ ತವರಿಗೆ ಘಟಸ್ಥಾಪನೆಗೆಂದು ಹೋದೆ.

ಹಿಂಗೋಡೆಯ ಸಿಸಿಟಿವಿಗೆ ಆ ಕರಡಿ ಸಿಕ್ಕಿತು. ಮಬ್ಬಿನಲ್ಲಿ ಕಪ್ಪು ಕೂದಲಿನ ಒಂದು ದೊಡ್ಡ ಆಕಾರ, ಸುತ್ತ ನಾಯಿಗಳು, ಒಂದೂ ಬೊಗಳುತ್ತಿಲ್ಲ. ದಿನಾ ಅನ್ನ ಹಾಕುವ ಕೈಯ ವಾಸನೆ ನಾಯಿಗೆ ತಿಳಿಯದೇ? ಆದರೆ ವಿಡಿಯೋ ಚಾನೆಲ್ ನಡೆಸುವ ಹಿತೇಶ್‌ಗೆ ಬೇಕಾಗಿದ್ದದ್ದು ಲೈಕು. ‘ಠಾಣೆಯಲ್ಲಿ ಬಿಗ್‌ಫುಟ್’ ಎಂದು ಹಾಕಿಬಿಟ್ಟ. ಹಿಂದಿನ ದಿನದ ಮಳೆಯ ಕೆಸರಿನಲ್ಲಿ ನಾರು ಸುತ್ತಿದ ಚಪ್ಪಲಿಯ ಗುರುತು ಬೇರೆ ಸಿಕ್ಕಿತು. ಆಮೇಲೆ ಕೇಳಬೇಕೇ? ಕಾಡಿನ ಚಿರತೆ ಈಚೆಗೆ ಕಾಣದಿರುವುದು ಇದರ ಹೆದರಿಕೆಗೇ ಎಂದು ಒಬ್ಬ. ನಾಯಿಗಳನ್ನು ಪಳಗಿಸಿ ಇಟ್ಟುಕೊಂಡು ಒಂದೊಂದಾಗಿ ತಿನ್ನುತ್ತದೆ ಎಂದು ಇನ್ನೊಬ್ಬ. ನಾಯಿ ಮುಗಿದ ಮೇಲೆ ಮಕ್ಕಳ ಸರದಿ ಎಂದು ಮತ್ತೊಬ್ಬಳು. ಈ ಗ್ರೂಪಿನಲ್ಲಿ ಬಾಡಿಗೆಯವರಿಗೆ ಜಾಗವಿಲ್ಲ, ಅಲ್ಲಿರುವವರೆಲ್ಲ ಫ್ಲಾಟಿನ ಮಾಲೀಕರು. ಕಮಲಾಕ್ಷಣ್ಣನೂ ಬಾಡಿಗೆಯವರು, ನಾವೂ ಬಾಡಿಗೆಯವರು. ನಮ್ಮ ಕಟ್ಟಡದಲ್ಲೇ ನಮ್ಮವರೊಬ್ಬರಿಗೆ ಹೊಂಚು ಹಾಕುತ್ತಿದ್ದಾರೆ ಎಂದು ನಮಗೆ ಗೊತ್ತಾಗಲಿಲ್ಲ.

ನವರಾತ್ರಿ ಮುಗಿಯಲು ಮೂರು ದಿನ ಇರುವಾಗ ನಾನು ಬೆಳಿಗ್ಗೆಯೇ ಮರಳಿದೆ. ರಿಕ್ಷಾ ಇಳಿಯುವಾಗ ಹಿಂದಿನ ಗೇಟಿನಲ್ಲಿ ಗದ್ದಲ. ಹೋಗಿ ನೋಡಿದರೆ ಹುಡುಗರು ಬ್ಯಾಟು, ಲಾಠಿ ಹಿಡಿದು ಕಮಲಾಕ್ಷಣ್ಣನನ್ನು ಸುತ್ತುವರಿದಿದ್ದಾರೆ. ಮುಂದೆ ನಿಂತವನು ಸೊಸೈಟಿಯ ಚೇರ್ಮನ್ ಗುಣಪಾಲರ ಮಗ ಸುಜನ್. ಹತ್ತಿರದಿಂದ ನೋಡಿದ ಮೇಲೆ ಅದು ಬಿಗ್‌ಫುಟ್ ಅಲ್ಲ, ಮನುಷ್ಯ ಎಂದು ಕುರುಡನಿಗೂ ತಿಳಿಯುತ್ತಿತ್ತು. ಅದಕ್ಕೇ ಈಗ ಮಕ್ಕಳ ಕಳ್ಳ ಎಂಬ ಹೊಸ ಕೂಗು ಹುಟ್ಟಿತ್ತು.

“ಬಚ್ಚಾ ಚೋರ್ ಹೈ! ಬೋಲ್, ಕೌನ್ ಹೈ ತೂ?”

‘ನಾನು ಸಿ ವಿಂಗಿನ ಕಮಲಾಕ್ಷ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಹೇಳಲಿಲ್ಲ. ಕೈ ಮುಗಿದರು, ಅಕ್ಕಿಯ ಚೀಲ ತೋರಿಸಿದರು. ಭುಜಕ್ಕೆ ಒಂದು ಏಟು ಬಿತ್ತು, ಮೊಣಕೈಗೆ ಇನ್ನೊಂದು. ತುಟಿ ಪಿಟಕ್ಕೆನ್ನಲಿಲ್ಲ. ನಾಯಿಗಳು ಮಾತ್ರ ಗಂಟಲು ಹರಿದುಹೋಗುವಂತೆ ಹುಡುಗರ ಮೇಲೆ ಬೊಗಳುತ್ತಿದ್ದವು. ನಾನು ನನ್ನ ಬ್ಯಾಗು ಬಿಸಾಕಿ ಓಡಿದೆ.

“ಏ ನಿಲ್ಸ್ರೋ! ನಮ್ಮ ಕಮಲಾಕ್ಷಣ್ಣಾರು ಅವರು! ನಿಲ್ಸ್ರಿ!”

ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಬೊಳ್ಳ ಸುಜನ್‌ನ ಪ್ಯಾಂಟಿಗೆ ಬಾಯಿ ಹಾಕಿತು. ಅವನು ಬ್ಯಾಟು ತಿರುಗಿಸಿ ಅದರ ಹಿಂಗಾಲಿಗೆ ಹೊಡೆದ. ನಾಯಿ ಕಿರುಚಿಕೊಂಡು ಉರುಳಿತು. ಅವನು ಮತ್ತೆ ಕೈ ಎತ್ತಿದ.

“ನಾಯಿಗ್ ಹಾಕೊಡ್ಚಿ!”

ಕರಡಿ ತುಳುವಿನಲ್ಲಿ ಕೂಗಿತು. ನಾಯಿಗೆ ಹೊಡೆಯಬೇಡ ಎಂದು. ಕೂಗಿ, ಬೊಳ್ಳನ ಮೇಲೆ ಅಡ್ಡ ಬಿದ್ದುಬಿಟ್ಟಿತು. ಸುಜನ್‌ನ ಕೈ ಮೇಲೆಯೇ ನಿಂತಿತು. ಅವನ ಮನೆಯ ಅಡುಗೆಮನೆಯಲ್ಲಿ ದಿನವೂ ಕೇಳುವ ಭಾಷೆ ಅದು.

ಗುಣಪಾಲರು ಬನಿಯನ್ನಿನಲ್ಲೇ ಇಳಿದು ಬಂದರು. ಇವರದೂ ಉಡುಪಿ ಕಡೆಯೇ. ಸ್ವಂತ ಹೋಟೆಲು, ಎರಡು ಫ್ಲಾಟು.

“ಅಯ್ಯೋ ದೇವರೇ, ಕಮಲಾಕ್ಷ, ನೀನಾ? ಯಾರೋ ಅಂತ ಗ್ರಹಿಸಿದ್ದು ಮಾರಾಯಾ.”

“ಯಾರೋ ಆಗಿದ್ರ ಬಡೀಬಹುದಿತ್ತೇನ್ರೀ?” ಎಂದೆ. ಮೈಯೆಲ್ಲ ಉರಿಯುತ್ತಿತ್ತು. “ನೀವು ಆ ಊರವ್ರು. ವೇಷ ಅಂತ ನಿಮಗ ಗೊತ್ತಾಗ್ಲಿಲ್ಲೇನು?”

ಅವರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. “ವಿಡಿಯೋ ನೋಡಿದ ಕೂಡಲೇ ಗೊತ್ತಾಯ್ತಮ್ಮ. ಆದ್ರೆ ಗ್ರೂಪಿನಲ್ಲಿ ಹೇಗೆ ಹೇಳುದು? ನಮ್ಮೂರಿನವರು ಗೋಣಿ ಸುತ್ತಿಕೊಂಡು ಮನೆಮನೆ ಬೇಡ್ತಾರೆ ಅಂತ ನಾನೇ ಬರೀಬೇಕಾ? ಚೇರ್ಮನ್ ನಾನು. ಹುಡುಗರು ಸ್ವಲ್ಪ ಹೆದರಿಸಿದ್ರೆ ಯಾರಿದ್ದರೂ ಬರುದು ನಿಲ್ಲಿಸ್ತಾನೆ ಅಂತ ಇದ್ದೆ.”

ನಾಚಿಕೆಗೆಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾಚಿಕೆಗಾಗಿಯೇ ಒಬ್ಬ ಮನುಷ್ಯನನ್ನು ದೊಣ್ಣೆಗೆ ಒಪ್ಪಿಸಿದವರನ್ನು ಮೊದಲ ಸಲ ನೋಡಿದೆ.

ಕಮಲಾಕ್ಷಣ್ಣನ ಮೊಣಕೈ ಊದಿತ್ತು. ಬೊಳ್ಳನ ಕಾಲಿಗೆ ಪಟ್ಟಿ ಕಟ್ಟಿಸಿ ತಂದು ಮನೆಯ ಬಾಲ್ಕನಿಯಲ್ಲಿ ಮಲಗಿಸಿದೆವು. ಅವರಿಗೆ ಏಟಿನ ನೋವು ನೆನಪೇ ಇರಲಿಲ್ಲ. ಕರಡಿಯ ಮುಖವನ್ನು ಮಡಿಲಲ್ಲಿ ಇಟ್ಟುಕೊಂಡು ಹೆಂಡತಿಯ ಮುಖ ನೋಡಲಾರದೆ ಕೂತಿದ್ದರು.

“ಬಾಯಿ ತಪ್ಪಿ ಬಂತು ವಿನೋದಾ. ತಡೀಲಿಕ್ಕೆ ಆಗ್ಲಿಲ್ಲ. ಇನ್ನು ನಿಂಗೆ ಏನಾದ್ರೂ ಆದ್ರೆ ನಾನೇ ಮಾಡಿದ್ದು.”

ನನಗೆ ಅಳು ಬಂತು. ವಿನೋದಕ್ಕನಿಗೆ ಸಿಟ್ಟು ಬಂತು. ಅಷ್ಟು ಸಿಟ್ಟು ಆ ಬಡಕಲು ಮೈಯಲ್ಲಿ ಎಲ್ಲಿತ್ತೋ.

“ಒಂದು ನಾಯಿಯ ಜೀವ ಉಳಿಸ್ಲಿಕ್ಕೆ ನೀವು ಬಾಯಿ ಬಿಟ್ರಿ ಅಂತ ನನ್ನ ಜೀವ ತೆಗೀತಾಳಾ ಅವಳು? ಅಂಥ ದೇವಿ ನಂಗೆ ಬೇಡ. ನೀವು ಏಳಿ. ಹೊತ್ತ ಹರಕೆ ಮುಗಿಸ್ಬೇಕು. ಕದ್ದು ಹಿಂಬಾಗಿಲಲ್ಲಿ ಅಲ್ಲ.”

ದಸರೆಯ ದಿನ, ಬಿಸಿಲು ಚೆನ್ನಾಗಿ ಏರಿದ ಮೇಲೆ, ವಿನೋದಕ್ಕ ತಾನೇ ಗಂಡನಿಗೆ ವೇಷ ಕಟ್ಟಿದರು. ಊದಿದ ಕೈ ಅಂಗಿಯ ತೋಳಿನಲ್ಲಿ ತೂರದೆ ಹೊಲಿಗೆ ಬಿಚ್ಚಬೇಕಾಯಿತು. ಅಕ್ಕಿಯ ಚೀಲ ನಾನು ಹಿಡಿದೆ. ಲಿಫ್ಟಿನಲ್ಲಿ, ಅಂಗಳದಲ್ಲಿ ಜನ ದಾರಿ ಬಿಟ್ಟರು. ಹಿತೇಶ್ ಮೊಬೈಲು ಎತ್ತಿದ, ನನ್ನ ಮುಖ ನೋಡಿ ಇಳಿಸಿದ. ವಿನೋದಕ್ಕ ನೇರ ಹೋಗಿ ಗುಣಪಾಲರ ಮನೆಯ ಬೆಲ್ ಒತ್ತಿದರು.

ಬಾಗಿಲು ತೆರೆದ ಗುಣಪಾಲರು ಕರಡಿಯನ್ನು ಕಂಡು ಒಳಗೆ ಹೋಗಿ ದೊಡ್ಡ ನೋಟು ತಂದರು.

“ನೋಟು ಒಳಗಿಡಿ ಗುಣಪಾಲಣ್ಣ,” ಎಂದರು ವಿನೋದಕ್ಕ. “ಒಂದು ಸೇರು ಅಕ್ಕಿ, ಒಂದು ಕಾಯಿ ತನ್ನಿ. ನಿಮ್ಮ ಮಗ ಕೊಡ್ಲಿ. ಕೊಡುವ ಮೊದಲು ಇದು ಏನು ಅಂತ ಅವನಿಗೆ ಹೇಳಿ. ನಮ್ಮೆದುರೇ ಹೇಳಿ.”

ಸುಜನ್ ತಟ್ಟೆ ಹಿಡಿದು ತಲೆ ತಗ್ಗಿಸಿ ಬಂದು ನಿಂತ. “ಪಪ್ಪಾ, ಮುಝೆ ಸಚ್ ಮೇ ನಹೀಂ ಪತಾ ಥಾ,” ಎಂದ, ತನಗೆ ನಿಜಕ್ಕೂ ಗೊತ್ತಿರಲಿಲ್ಲವೆಂದು. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದಿದ್ದವು. ಗುಣಪಾಲರು ಅವನ್ನೆಲ್ಲ ಒಮ್ಮೆ ನೋಡಿ ಮಗನ ಕಡೆ ತಿರುಗಿದರು.

“ಹರಕೆಯ ವೇಷ ಇದು,” ಎಂದರು. “ನಾನೂ ಹಾಕಿದ್ದೆ ಸುಜನ್. ಊರಿಗೆ ಹೋಗಿ, ಇದೇ ಕರಡಿ. ನೀನು ಹುಟ್ಬೇಕು ಅಂತ.”

ಹುಡುಗನ ಕೈಯ ತಟ್ಟೆ ವಾಲಿ ಅಕ್ಕಿ ನೆಲಕ್ಕೆ ಚೆಲ್ಲಿತು. ಅವನು ಮೊಣಕಾಲೂರಿ, ಅಳುತ್ತಾ, ಒಂದೊಂದೇ ಕಾಳು ಹೆಕ್ಕತೊಡಗಿದ. ಕಮಲಾಕ್ಷಣ್ಣ ಮಾತಾಡುವಂತಿರಲಿಲ್ಲ, ಬಗ್ಗಿ, ನೆಟ್ಟಗಿದ್ದ ಒಂದು ಕೈಯಿಂದ ಅವನ ಜೊತೆ ತಾವೂ ಹೆಕ್ಕಿದರು.

ಅದನ್ನು ನೋಡಿ ಎಲ್ಲರ ಮನಸ್ಸೂ ಕರಗಿತು, ನನ್ನದನ್ನು ಬಿಟ್ಟು. ಹರಕೆಯ ವೇಷ ಎಂದು ಮೊದಲೇ ಗೊತ್ತಿದ್ದೂ ಗುಣಪಾಲರು ಗ್ರೂಪಿನಲ್ಲಿ ಒಂದು ಸಾಲು ಬರೆಯಲಿಲ್ಲ. ಅದನ್ನು ನಾನು ಆ ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಅವರಿಗೆ ಹೇಳಿ ಬಂದೆ.